ಹಳೇ ಕಂಪ್ಯೂಟರಿಂದ ಫೈಲ್ ಈಚೆ ತರೋಕೆ ಯಾವ ಕೇಬಲ್ ಹಾಕ್ಬೇಕು, ಯಾವ್ದು ಬೇಡ

ಸಾಗರದ ಹತ್ರ ನಮ್ಮ ದೊಡ್ಡಪ್ಪನ ಮನೇಲಿ, ಜಗಲಿ ಪಕ್ಕದ ಕೋಣೇಲಿ, ಪ್ಲಾಸ್ಟಿಕ್ ಕವರ್ ಹೊದ್ಕೊಂಡು ಒಂದು ಕಂಪ್ಯೂಟರ್ ಕೂತಿದೆ. 2000ನೇ ಇಸವೀಲಿ ಅಸೆಂಬಲ್ ಮಾಡ್ಸಿದ್ದು, ಸೆಲೆರಾನ್ ಪ್ರೊಸೆಸರು, 64 ಎಂಬಿ ರ‍್ಯಾಮು, ವಿಂಡೋಸ್ 98. ತಾಳಮದ್ದಲೆ ಅರ್ಥಗಾರಿಕೆಗೆ ಅಂತ ಅವರು ವರ್ಷಗಟ್ಲೆ ಬರ್ಕೊಂಡ ಟಿಪ್ಪಣಿ ಎಲ್ಲಾ ಅದ್ರಲ್ಲೇ ಇದೆ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ವರ್ಡ್ ಫೈಲಾಗಿ ಇಟ್ಟಿದ್ದು. ಹೋದ ಮಳೆಗಾಲದಲ್ಲಿ "ಇದು ಇವತ್ತೋ ನಾಳೆಯೋ ಅನ್ನಂಗಿದೆ, ಎಂತಾದ್ರೂ ಮಾಡಿ ಎಲ್ಲಾ ನಿನ್ನ ಲ್ಯಾಪ್‌ಟಾಪಿಗೆ ತಗಂಡು ಹೋಗು ಮಾರಾಯ" ಅಂದ್ರು.

ಪೆನ್‌ಡ್ರೈವ್ ಹಾಕಿದ್ರೆ ಮುಗೀತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಯುಎಸ್‌ಬಿ ಪೋರ್ಟೇನೋ ಎರಡಿದೆ, ಆದ್ರೆ ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ಅಂದ್ರೆ ಏನಂತಾನೇ ಗೊತ್ತಿಲ್ಲ, ಒಂದೊಂದು ಪೆನ್‌ಡ್ರೈವಿಗೂ ಅದರದ್ದೇ ಡ್ರೈವರ್ ಕೇಳತ್ತೆ. ಎನ್‌ಯುಎಸ್‌ಬಿ ಅಂತ ಹವ್ಯಾಸಿಗಳು ಮಾಡಿದ ಒಂದು ಡ್ರೈವರ್ ಪ್ಯಾಕ್ ಇದೆ, ಹೆಚ್ಚುಕಮ್ಮಿ ಎಲ್ಲಾ ಪೆನ್‌ಡ್ರೈವಿಗೂ ಆಗತ್ತೆ, ಆದ್ರೆ ಅದು 98ರ ಸೆಕೆಂಡ್ ಎಡಿಷನ್‌ಗೆ ಮಾತ್ರ. ನಿಮ್ಮ ಮಷೀನು ಸೆಕೆಂಡ್ ಎಡಿಷನ್ ಆಗಿದ್ದು ಸಿಡಿ ಡ್ರೈವೂ ಓದ್ತಾ ಇದ್ರೆ ಮುಂದೆ ಓದೋದೇ ಬೇಡ, ಹೊಸ ಕಂಪ್ಯೂಟರಲ್ಲಿ ಆ ಡ್ರೈವರನ್ನ ಒಂದು ಸಿಡಿಗೆ ಬರೆದು ತಗೊಂಡೋಗಿ ಹಾಕಿ, ಪೆನ್‌ಡ್ರೈವಲ್ಲೇ ಕೆಲಸ ಆಗತ್ತೆ. ದೊಡ್ಡಪ್ಪನದು ಮೊದಲ ಎಡಿಷನ್, ಸಿಡಿ ಡ್ರೈವ್ ಬಾಗಿಲು ತೆಗೆಯತ್ತೆ ಹಾಕತ್ತೆ ಅಷ್ಟೆ, ಫ್ಲಾಪಿ ಡ್ರೈವಲ್ಲಿ ಏನು ಗೂಡು ಕಟ್ಟಿತ್ತೋ ಗೊತ್ತಿಲ್ಲ. ಹಂಗಾಗಿ ಉಳಿದಿದ್ದು ನೇರ ಕೇಬಲ್ ಒಂದೇ.

ಕೇಬಲ್ ಅಂದ ಕೂಡ್ಲೇ ಎಲ್ರೂ ಕೇಳೋದು ಯಾವ್ದು ಫಾಸ್ಟು ಅಂತ. ನಾನು ಕೇಳೋದು, ಹಳೇ ಮಷೀನಿನ ಬೆನ್ನಲ್ಲಿ ಯಾವ ಯಾವ ಪೋರ್ಟ್ ಇದೆ, ಇನ್ನೊಂದು ಕಡೆ ಇರೋ ಕಂಪ್ಯೂಟರ್ ಹೊಸದಾ ಅಥ್ವಾ ಅದೂ ಹಳೇದಾ, ಆಮೇಲೆ ನಿಜವಾಗ್ಲೂ ತೆಗೀಬೇಕಾಗಿರೋದು ಎಷ್ಟು ಎಂಬಿ. ಈ ಕೊನೇದನ್ನ ಯಾರೂ ಲೆಕ್ಕ ಹಾಕಿರಲ್ಲ. ದೊಡ್ಡಪ್ಪನ 10 ಜಿಬಿ ಡಿಸ್ಕಲ್ಲಿ ವಿಂಡೋಸು, ಗೇಮು, ಯಾರೋ ಹಾಕಿಕೊಟ್ಟ ಹಾಡು ಎಲ್ಲಾ ಬಿಟ್ರೆ ಬೇಕಾಗಿದ್ದು 14 ಎಂಬಿ, ವಿನ್‌ಜಿಪ್ಪಲ್ಲಿ ಜಿಪ್ ಮಾಡಿದ್ಮೇಲೆ 4 ಎಂಬಿ. ಅಷ್ಟಕ್ಕೆ ಎಂಥಾ ನಿಧಾನದ ಕೇಬಲ್ಲೂ ಸಾಕು.

ಮೊದ್ಲು ಲ್ಯಾನ್, ಅಂದ್ರೆ ನೆಟ್‌ವರ್ಕ್ ಕೇಬಲ್ಲಿನ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಹಳೇ ಮಷೀನಲ್ಲಿ ಲ್ಯಾನ್ ಪೋರ್ಟ್ ಇದ್ದು, ಡ್ರೈವರ್ ಇನ್‌ಸ್ಟಾಲ್ ಆಗಿದ್ರೆ ಬೇರೆ ಯಾವ್ದನ್ನೂ ಯೋಚನೆ ಮಾಡೋದು ಬೇಡ. ಮಧ್ಯದಲ್ಲಿ ರೂಟರೂ ಬೇಡ ಸ್ವಿಚ್ಚೂ ಬೇಡ, ಒಂದು ಕೇಬಲ್ ಈ ಕಡೆಯಿಂದ ಆ ಕಡೆಗೆ. ಎರಡೂ ಹಳೇ ಮಷೀನಾದ್ರೆ ಕ್ರಾಸ್‌ಓವರ್ ಕೇಬಲ್ಲೇ ಬೇಕು, ಅಂದ್ರೆ ಒಂದು ತುದೀಲಿ ಕಿತ್ತಳೆ ಜೋಡಿ ಇರೋ ಜಾಗದಲ್ಲಿ ಇನ್ನೊಂದು ತುದೀಲಿ ಹಸಿರು ಜೋಡಿ ಇರಬೇಕು, ಪಿನ್ 1 ಹೋಗಿ 3ಕ್ಕೆ, 2 ಹೋಗಿ 6ಕ್ಕೆ. ಎರಡು ತುದಿ ಪಕ್ಕಪಕ್ಕ ಹಿಡಿದು ಬಣ್ಣ ನೋಡಿದ್ರೆ ಗೊತ್ತಾಗತ್ತೆ. ಒಂದು ಕಡೆ ಇರೋದು ಗಿಗಾಬಿಟ್ ಪೋರ್ಟಿನ ಹೊಸ ಲ್ಯಾಪ್‌ಟಾಪ್ ಆದ್ರೆ ಆ ಪೋರ್ಟೇ ಒಳಗೊಳಗೆ ಅದಲು ಬದಲು ಮಾಡ್ಕೊಳತ್ತೆ, ಮನೇಲಿ ರೂಟರಿಗೆ ಹಾಕಿರೋ ಮಾಮೂಲಿ ಕೇಬಲ್ಲೇ ನಡೆಯತ್ತೆ.

ಐಪಿ ಕೈಯಲ್ಲೇ ಕೊಟ್ಬಿಡಿ, ಒಂದಕ್ಕೆ 192.168.0.1, ಇನ್ನೊಂದಕ್ಕೆ 192.168.0.2, ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0, ಗೇಟ್‌ವೇ ಖಾಲಿ ಬಿಡಿ. ಪಿಂಗ್ ಹೊಡೆದು ನೋಡಿ, ಅಂದ್ರೆ ಒಂದು ಮಷೀನಿಂದ ಇನ್ನೊಂದನ್ನ ಕೂಗಿ ಓಗೊಡತ್ತಾ ಅಂತ ನೋಡೋ ಕಮಾಂಡು. ಉತ್ತರ ಬರ್ಲಿಲ್ಲ ಅಂದ್ರೆ ಕೇಬಲ್ ಬಯ್ಯೋಕೆ ಮುಂಚೆ ಫೈರ್‌ವಾಲ್ ನೋಡಿ, ಹೊಸ ವಿಂಡೋಸು ಈ ಥರದ ಕನೆಕ್ಷನ್ನನ್ನ ಪಬ್ಲಿಕ್ ನೆಟ್‌ವರ್ಕ್ ಅಂತ ತಿಳ್ಕೊಂಡು ಬಾಗಿಲು ಹಾಕಿಬಿಟ್ಟಿರತ್ತೆ, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಆದ್ಮೇಲೆ ಎಕ್ಸ್‌ಪೀಲೂ ಇದೇ ಕಥೆ.

ಜನ ತಲೆ ಚಚ್ಕೊಳ್ಳೋದು ಇದರ ಮುಂದಿನ ಹಂತದಲ್ಲಿ. ಪಿಂಗ್ ಆಗತ್ತೆ, ಫೋಲ್ಡರ್ ಶೇರ್ ಮಾಡಿದ್ದೀವಿ, ಆದ್ರೂ ತೆರೆಯಲ್ಲ. ಕಾರಣ ಇಷ್ಟೇ, ಎಕ್ಸ್‌ಪಿ ಮತ್ತು ಅದಕ್ಕಿಂತ ಹಳೇ ವಿಂಡೋಸ್‌ಗೆ ಫೋಲ್ಡರ್ ಹಂಚ್ಕೊಳೋಕೆ ಬರೋದು ಎಸ್‌ಎಂಬಿ ಒಂದನೇ ವರ್ಷನ್ ಅನ್ನೋ ಭಾಷೆ ಒಂದೇ, 2017ರ ವಿಂಡೋಸ್ 10 ಅಪ್‌ಡೇಟಿಂದ ಈಚೆಗೆ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ಆನ್ ಇರಲ್ಲ, ವಿಂಡೋಸ್ ಫೀಚರ್ಸ್‌ಗೆ ಹೋಗಿ ನಾವೇ ಆನ್ ಮಾಡ್ಬೇಕು. ಇಂಟರ್ನೆಟ್ ತೆಗೆದು, ಆನ್ ಮಾಡಿ, ಕೆಲಸ ಮುಗಿದ ಮೇಲೆ ಮರೀದೇ ಆಫ್ ಮಾಡೋದಾದ್ರೆ ಸರಿ. ನಂಗೆ ಅದಕ್ಕಿಂತ ಎಫ್‌ಟಿಪಿ ಇಷ್ಟ, ನೆಟ್‌ವರ್ಕ್ ಮೇಲೆ ಫೈಲ್ ಕಳ್ಸೋ ಇನ್ನೊಂದು ಹಳೇ ವಿಧಾನ ಅದು. ಹೊಸ ಕಂಪ್ಯೂಟರಲ್ಲಿ ಒಂದು ಎಫ್‌ಟಿಪಿ ಸರ್ವರ್ ಓಡ್ಸಿ, ಹಳೇದ್ರಲ್ಲಿ ಡಾಸ್ ಪ್ರಾಂಪ್ಟಿಗೆ (ಕಮಾಂಡ್ ಟೈಪ್ ಮಾಡೋ ಕಪ್ಪು ವಿಂಡೋ) ಹೋಗಿ ಎಫ್‌ಟಿಪಿ ಅಂತ ಟೈಪ್ ಮಾಡಿದ್ರೆ ಸಾಕು, ಆ ಪ್ರೋಗ್ರಾಂ ವಿಂಡೋಸ್ ಜೊತೆಗೇ ಬಂದಿರತ್ತೆ. ಒಂದೇ ಒಂದು ಎಚ್ಚರ, ಫೈಲ್ ಕಳ್ಸೋ ಮುಂಚೆ ಬಿನ್ ಅಂತ ಒಂದು ಕಮಾಂಡ್ ಕೊಡಬೇಕು. ಕೊಡದಿದ್ರೆ ಅದು ಎಲ್ಲಾನೂ ಸಾದಾ ಟೆಕ್ಸ್ಟ್ ಅಂದ್ಕೊಂಡು ಕಳ್ಸತ್ತೆ, ಫೋಟೋ ಜಿಪ್ಪು ಎಲ್ಲಾ ಕೆಟ್ಟು ಕೆರ ಹಿಡಿಯತ್ತೆ, ಎರರ್ ಕೂಡ ತೋರ್ಸಲ್ಲ, ಮನೆಗೆ ಬಂದು ತೆಗೆದಾಗ್ಲೇ ಗೊತ್ತಾಗೋದು.

ದೊಡ್ಡಪ್ಪನ ಮಷೀನಲ್ಲಿ ಲ್ಯಾನ್ ಇರ್ಲಿಲ್ಲ. ಕಾರ್ಡ್ ಒಂದು ತಂದು ಪಿಸಿಐ ಸ್ಲಾಟಿಗೆ ಸಿಗಿಸಬಹುದಿತ್ತು, ಆದ್ರೆ ಅದರ ಡ್ರೈವರ್ ಒಳಗೆ ಹೋಗೋದು ಹೆಂಗೆ, ಸಿಡೀಲಿ ಇಲ್ಲಾ ಫ್ಲಾಪೀಲಿ. ಬೀಗದ ಕೈ ಪೆಟ್ಟಿಗೆ ಒಳಗಿಟ್ಟು ಬೀಗ ಹಾಕಿದಂಗೆ. ಹಂಗಾಗಿ ಸೀರಿಯಲ್ ಕೇಬಲ್ಲಿಗೆ ಬಂದೆ.

ಸೀರಿಯಲ್ ಅಂದ್ರೆ ಬೆನ್ನಲ್ಲಿ 9 ಪಿನ್ನಿನ ಗಂಡು ಕನೆಕ್ಟರ್ ಇರತ್ತಲ್ಲ, ಕಾಮ್ 1 ಅಂತ ಬರ್ದಿರತ್ತೆ, ಅದು. ಎಲ್ಲಾ ಕೇಬಲ್ಲಿಗಿಂತ ನಿಧಾನ ಇದೇ, ಹೆಚ್ಚಂದ್ರೆ ಸೆಕೆಂಡಿಗೆ 1,15,200 ಬಿಟ್, ಒಂದು ಬೈಟಿಗೆ ಶುರು-ಕೊನೆ ಗುರುತು ಸೇರಿ 10 ಬಿಟ್ ಆಗತ್ತೆ, ಅಲ್ಲಿಗೆ ಸೆಕೆಂಡಿಗೆ ಸುಮಾರು 11 ಕೆಬಿ. ಒಂದು ಫ್ಲಾಪಿಯಷ್ಟು ಫೈಲ್ ಎರಡು ನಿಮಿಷದ ಮೇಲೆ, 20 ಎಂಬಿಗೆ ಅರ್ಧ ಗಂಟೆ, 1 ಜಿಬಿ ಕಳ್ಸೋಕೆ ಕೂತ್ರೆ ಒಂದು ದಿನ ದಾಟಿ ಹೋಗತ್ತೆ. ಆದ್ರೂ ನಂಗೆ ಇದರ ಮೇಲೆ ಪ್ರೀತಿ ಜಾಸ್ತಿ, ಯಾಕಂದ್ರೆ ಇದಕ್ಕೆ ಯಾವ ಡ್ರೈವರೂ ಬೇಡ, ವಿಂಡೋಸ್ 95ರಿಂದ ಎಕ್ಸ್‌ಪಿ ತನಕ ಸೀರಿಯಲ್ ಪೋರ್ಟಲ್ಲಿ ಅಕ್ಷರ, ಫೈಲ್ ಕಳ್ಸೋ ಹೈಪರ್‌ಟರ್ಮಿನಲ್ ಅನ್ನೋ ಪ್ರೋಗ್ರಾಂ ಆಕ್ಸೆಸರೀಸ್‌ನಲ್ಲಿ ಸುಮ್ನೆ ಬಿದ್ದಿರತ್ತೆ, ಆಮೇಲೆ ಇವತ್ತಿನ ಲ್ಯಾಪ್‌ಟಾಪಿಗೂ ಒಂದು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಹಾಕಿದ್ರೆ ಹಳೇದೂ ಹೊಸದೂ ಮಾತಾಡ್ತವೆ.

ಅಡಾಪ್ಟರ್ ತೀರಾ ಅಗ್ಗದ್ದು ತಗೋಬೇಡಿ, ಒಳಗಿರೋ ಚಿಪ್ ನಕಲಿ ಆದ್ರೆ ಹೊಸ ವಿಂಡೋಸ್ ಡ್ರೈವರು ಅದನ್ನ ಗುರುತು ಹಿಡಿದು ಕೋಡ್ 10 ಅಂತ ತೋರ್ಸಿ ಸುಮ್ನಾಗತ್ತೆ. ಮತ್ತೆ ಕೇಬಲ್ 'ನಲ್ ಮೋಡೆಮ್' ಆಗಿರ್ಬೇಕು, ಅಂದ್ರೆ ಈ ಕಡೆಯ ಪಿನ್ 2 ಆ ಕಡೆಯ ಪಿನ್ 3ಕ್ಕೆ, 3 ಬಂದು 2ಕ್ಕೆ, 5 ಮಾತ್ರ ನೆಟ್ಟಗೆ 5ಕ್ಕೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರ್ಬೇಕಲ್ಲ, ಅಷ್ಟೇ ಲೆಕ್ಕ. ನಾನು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡೀಲಿ "ನಲ್ ಮೋಡೆಮ್ ಕೊಡಿ" ಅಂತ ಎರಡೆರಡು ಸಲ ಹೇಳಿ ತಗೊಂಡೆ, ಅವರೂ "ಹೌದು ಸಾರ್ ಅದೇ" ಅಂತ ಕೊಟ್ರು, ಎರಡು ಕಡೇನೂ ಫೀಮೇಲ್ ಇತ್ತು, ನಂಬಿದೆ. ರಾತ್ರಿ ಬಸ್ಸಲ್ಲಿ ಸಾಗರಕ್ಕೆ ಹೋಗಿ ಬೆಳಗ್ಗೆ ಕಾಫಿ ಕುಡಿದು ಹಾಕಿದ್ರೆ ಒಂದಕ್ಷರ ಆಚೆ ಹೋಗ್ತಿಲ್ಲ.

ಆವಾಗ ಪೋರ್ಟ್ ಸತ್ತಿದ್ಯಾ ಕೇಬಲ್ ಸರಿ ಇಲ್ವಾ ಅಂತ ಗೊತ್ತಾಗ್ಬೇಕು. ಅದಕ್ಕೆ ಒಂದು ಉಪಾಯ ಇದೆ. ಕೇಬಲ್ ತೆಗೆದು, ಪೋರ್ಟಿನ ಪಿನ್ 2 ಮತ್ತು 3ನ್ನ ಯಾವ್ದಾದ್ರೂ ಲೋಹದಿಂದ ಮುಟ್ಸಿ ಹಿಡ್ಕೊಂಡು, ಹೈಪರ್‌ಟರ್ಮಿನಲ್ಲಲ್ಲಿ ಫ್ಲೋ ಕಂಟ್ರೋಲ್ 'None' ಅಂತ ಇಟ್ಟು ಟೈಪ್ ಮಾಡಿದ್ರೆ, ಟೈಪ್ ಮಾಡಿದ್ದು ತಿರುಗಿ ಸ್ಕ್ರೀನಿಗೆ ಬರ್ಬೇಕು. ದೊಡ್ಡಮ್ಮನ ಹತ್ರ ಒಂದು ಸೇಫ್ಟಿ ಪಿನ್ ಇಸ್ಕೊಂಡು, ಮೇಲಿನ ಸಾಲಲ್ಲಿ ಎಡಗಡೆಯಿಂದ ಎರಡನೇದು ಮೂರನೇದು ಎಣಿಸಿ, ಅದನ್ನ ಅಡ್ಡ ಇಟ್ಟು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೀಬೋರ್ಡ್ ಕುಟ್ಟಿದೆ. ಅಕ್ಷರ ಬಂತು. ಪಿನ್ ತೆಗೆದೆ, ನಿಂತೋಯ್ತು. ಪೋರ್ಟ್ ಗಟ್ಟಿಮುಟ್ಟಾಗಿದೆ, ಕೇಬಲ್ಲೇ ಸುಳ್ಳು. ಮಲ್ಟಿಮೀಟರ್ ಇಟ್ಟು ನೋಡಿದ್ರೆ 2ಕ್ಕೆ 2, 3ಕ್ಕೆ 3, ಬರೀ ಎಕ್ಸ್‌ಟೆನ್ಷನ್ನು. ಪುಣ್ಯಕ್ಕೆ ಒಂದು ತುದಿಯ ಹೊದಿಕೆ ಸ್ಕ್ರೂ ಬಿಚ್ಚೋ ಥರದ್ದು, ಪೇಟೇಲಿ ರೇಡಿಯೋ ರಿಪೇರಿಯವರ ಹತ್ರ ಹೋಗಿ ಎರಡು ವೈರ್ ಅದಲು ಬದಲು ಬೆಸುಗೆ ಹಾಕ್ಸಿಕೊಂಡು ಬಂದೆ, ಐದು ನಿಮಿಷದ ಕೆಲಸ.

ಸೆಟ್ಟಿಂಗು ಎರಡು ಕಡೆಗೂ ಒಂದೇ ಇರ್ಬೇಕು, 115200, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಲ್ಯಾಪ್‌ಟಾಪಲ್ಲಿ ಹೈಪರ್‌ಟರ್ಮಿನಲ್ ಇರಲ್ಲ, ವಿಂಡೋಸ್ ವಿಸ್ತಾದಿಂದಲೇ ತೆಗೆದುಹಾಕಿದ್ರು, ಅದಕ್ಕೆ ಟೆರಾ ಟರ್ಮ್ ಹಾಕ್ಕೊಳಿ, ಬಿಟ್ಟಿ ಸಿಗತ್ತೆ. ಕಳ್ಸೋವಾಗ ಪ್ರೋಟೋಕಾಲ್ ಝಡ್‌ಮೋಡೆಮ್ ಆರಿಸಿ, ಅದು ಪ್ರತಿ ತುಂಡನ್ನೂ ತಾಳೆ ನೋಡಿ ತಪ್ಪಿದ್ರೆ ಮತ್ತೆ ಕಳ್ಸತ್ತೆ, ಕರೆಂಟ್ ಹೋದ್ರೆ ನಿಂತಲ್ಲಿಂದ ಮುಂದುವರ್ಸೋಕೂ ಬರತ್ತೆ, ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಫೋಲ್ಡರ್ ಮಾತ್ರ ಕಳ್ಸೋಕಾಗಲ್ಲ, ಅದಕ್ಕೇ ಮೊದ್ಲು ಜಿಪ್ ಮಾಡಿ ಒಂದೇ ಫೈಲ್ ಮಾಡ್ಕೊಳೋದು. ನಾನು ಮೊದಲನೇ ಸಲ 9600ರಲ್ಲೇ ಬಿಟ್ಟುಬಿಟ್ಟಿದ್ದೆ, ವಿಂಡೋದಲ್ಲಿ ಸಿಪಿಎಸ್ (ಸೆಕೆಂಡಿಗೆ ಎಷ್ಟು ಅಕ್ಷರ ಅಂತ) ಒಂದು ಸಂಖ್ಯೆ ಬರತ್ತೆ, 950ರ ಹತ್ರ ತೆವಳ್ತಾ ಇತ್ತು, ಹಂಗೇ ಬಿಟ್ಟಿದ್ರೆ ಒಂದೂಕಾಲು ಗಂಟೆ. ನಿಲ್ಸಿ 115200 ಮಾಡಿದ್ಮೇಲೆ 11 ಸಾವಿರದ ಹತ್ರ ಬಂತು, ಏಳು ನಿಮಿಷದೊಳಗೆ ದೊಡ್ಡಪ್ಪನ ಅಷ್ಟೂ ವರ್ಷದ ಬರವಣಿಗೆ ಈಚೆ ಬಂತು. "ಇಷ್ಟೇನಾ?" ಅಂದ್ರು, ಸ್ವಲ್ಪ ಬೇಜಾರಾದಂಗಿತ್ತು.

ವಿಂಡೋಸ್‌ನಲ್ಲೇ ಡೈರೆಕ್ಟ್ ಕೇಬಲ್ ಕನೆಕ್ಷನ್ ಅಂತ ಒಂದಿದ್ಯಲ್ಲ, ಅದ್ಯಾಕೆ ಬೇಡ ಅಂತ ಕೇಳ್ಬಹುದು. ಬೇಡ ಅಂತಲ್ಲ. ಒಂದು ಮಷೀನ್ ಹೋಸ್ಟ್, ಇನ್ನೊಂದು ಗೆಸ್ಟ್, ಕನೆಕ್ಟ್ ಆದ್ರೆ ಫೋಲ್ಡರ್‌ಗಳು ಮಾಮೂಲಿ ನೆಟ್‌ವರ್ಕ್ ಥರ ಕಾಣ್ಸತ್ತೆ, ಎಳೆದು ಹಾಕಿದ್ರಾಯ್ತು, ನೂರಾರು ಫೋಲ್ಡರ್ ಇದ್ರೆ ಅದೇ ಸುಖ. ಆದ್ರೆ 98ರಲ್ಲಿ ಅದು ಮೊದ್ಲೇ ಇನ್‌ಸ್ಟಾಲ್ ಆಗಿರ್ಲಿಲ್ಲ ಅಂದ್ರೆ ವಿಂಡೋಸ್ ಸಿಡಿ ಹಾಕು ಅನ್ನತ್ತೆ, ಡಯಲ್-ಅಪ್ ನೆಟ್‌ವರ್ಕಿಂಗ್ ಬೇಕು, ಫೈಲ್ ಶೇರಿಂಗ್ ಆನ್ ಇರ್ಬೇಕು, ಎರಡು ಮಷೀನಿಗೂ ಬೇರೆ ಬೇರೆ ಹೆಸರು, ಒಂದೇ ವರ್ಕ್‌ಗ್ರೂಪ್, ಒಂದೇ ಪ್ರೋಟೋಕಾಲ್. ವಿಸ್ತಾ ಬಂದ್ಮೇಲೆ ಇದನ್ನೂ ತೆಗೆದುಹಾಕಿದ್ರು, ಹಂಗಾಗಿ ಹೊಸ ಲ್ಯಾಪ್‌ಟಾಪಿಗೆ ನಡೆಯಲ್ಲ. 98ರಿಂದ 98ಕ್ಕೆ ಅಥ್ವಾ ಎಕ್ಸ್‌ಪಿಗೆ ಮಾತ್ರ ಪ್ರಯತ್ನ ಮಾಡಿ.

ಇನ್ನು ಪ್ಯಾರಲಲ್, ಅಂದ್ರೆ ಪ್ರಿಂಟರ್ ಪೋರ್ಟು, 25 ತೂತಿನ ಹೆಣ್ಣು ಕನೆಕ್ಟರ್. ಇಲ್ಲಿ ಎರಡು ಕಡೆ 25 ಪಿನ್ನಿನ ಮೇಲ್ ಇರೋ ಲ್ಯಾಪ್‌ಲಿಂಕ್ ಕೇಬಲ್ ಅಂತ ಬೇರೇನೇ ಬರತ್ತೆ, ಪ್ರಿಂಟರ್ ಕೇಬಲ್ ಆಗಲ್ಲ. ಒಂದೇ ಏಟಿಗೆ 4 ಬಿಟ್ ಹೋಗೋದ್ರಿಂದ ಸೀರಿಯಲ್ಲಿಗಿಂತ ನಾಲ್ಕೈದು ಪಟ್ಟು ಜೋರು, ಸೆಕೆಂಡಿಗೆ 50 ಕೆಬಿ ಅಂತ ಇಟ್ಕೊಳಿ, 20 ಎಂಬಿ ಏಳು ನಿಮಿಷ, 1 ಜಿಬಿ ಆರು ಗಂಟೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಇದು ಹಳೇದ್ರಿಂದ ಹಳೇದಕ್ಕೆ ಮಾತ್ರ. ಅಂಗಡೀಲಿ ಸಿಗೋ ಯುಎಸ್‌ಬಿ-ಪ್ಯಾರಲಲ್ ಅಡಾಪ್ಟರ್‌ಗೆ ಪ್ರಿಂಟರ್ ಬಿಟ್ಟು ಬೇರೇನೂ ಗೊತ್ತಿಲ್ಲ, ಲ್ಯಾಪ್‌ಲಿಂಕ್ ಕೇಬಲ್ ಹಾಕಿದ್ರೆ ಕೆಲಸ ಮಾಡಲ್ಲ, ಎಷ್ಟು ಜನ ಇದಕ್ಕೆ ದುಡ್ಡು ಸುರಿದು ಸುಮ್ನಾಗಿದ್ದಾರೋ. ಮತ್ತೆ ಕೇಬಲ್ ಹಾಕೋವಾಗ ತೆಗೆಯೋವಾಗ ಎರಡು ಮಷೀನೂ ಆಫ್ ಇರ್ಲಿ, ಸೀರಿಯಲ್ ಪೋರ್ಟ್ ಸ್ವಲ್ಪ ಒರಟುತನ ತಡ್ಕೊಳತ್ತೆ, ಪ್ಯಾರಲಲ್ ಸುಟ್ಟೋಗೋದು ಸುಲಭ. ಡಿಟಿಪಿ (ಪುಸ್ತಕ, ಪತ್ರಿಕೆ ಪುಟ ಕಟ್ಟೋ) ಮಷೀನ್ ಆದ್ರೆ ಆ ಪೋರ್ಟಲ್ಲಿ ಸಾಫ್ಟ್‌ವೇರಿನ ಹಾರ್ಡ್‌ವೇರ್ ಲಾಕ್ ಕೂತಿರಬಹುದು, ತೆಗೆದಿದ್ದನ್ನ ಜೋಪಾನವಾಗಿ ಎತ್ತಿಡಿ, ಅದಿಲ್ದೆ ಆ ಸಾಫ್ಟ್‌ವೇರ್ ತೆರೆಯೋದೇ ಇಲ್ಲ.

ಪ್ಯಾರಲಲ್ ಕೇಬಲ್ಲಿನ ನಿಜವಾದ ಜಾಗ ಡಾಸ್ ಮಷೀನು, ಅಂದ್ರೆ ವಿಂಡೋಸ್ ಇಲ್ದೆ ಬರೀ ಕಮಾಂಡಲ್ಲಿ ನಡೆಯೋ ಹಳೇ ಕಂಪ್ಯೂಟರು. 1993ರ ಎಂಎಸ್-ಡಾಸ್ 6 ಜೊತೆ ಇಂಟರ್‌ಲಿಂಕ್, ಇಂಟರ್‌ಸರ್ವರ್ ಅಂತ ಎರಡು ಪ್ರೋಗ್ರಾಂ ಬಂತು (ಟೈಪ್ ಮಾಡೋವಾಗ ಎಂಟೇ ಅಕ್ಷರ, ಲಿಂಕ್‌ನಲ್ಲಿ 'ಐ' ಬರಲ್ಲ, ಸರ್ವರ್ ಬರೀ ಎಸ್-ವಿ-ಆರ್). ಒಂದು ಕಡೆ ಇಂಟರ್‌ಸರ್ವರ್ ಓಡ್ಸಿದ್ರೆ ಆ ಮಷೀನು ಬೇರೆ ಕೆಲಸ ಬಿಟ್ಟು ತನ್ನ ಡ್ರೈವ್‌ಗಳನ್ನ ತೆರೆದು ಕೂತ್ಕೊಳತ್ತೆ, ಇನ್ನೊಂದು ಕಡೆ ಕಾನ್‌ಫಿಗ್ ಫೈಲಲ್ಲಿ ಇಂಟರ್‌ಲಿಂಕ್ ಒಂದು ಸಾಲು ಸೇರ್ಸಿ ರೀಸ್ಟಾರ್ಟ್ ಮಾಡಿದ್ರೆ ಆ ಡ್ರೈವ್‌ಗಳು ಇಲ್ಲಿ ಡಿ, ಇ ಅಂತ ಹೊಸ ಅಕ್ಷರದಲ್ಲಿ ಕಾಣ್ಸತ್ತೆ, ಕಾಪಿ ಹೊಡೀರಿ ಅಷ್ಟೆ. ಇದರಲ್ಲಿ ನಂಗೆ ತುಂಬಾ ಹಿಡಿಸಿದ್ದು, ಆ ಕಡೆ ಮಷೀನಲ್ಲಿ ಈ ಪ್ರೋಗ್ರಾಂ ಇಲ್ದಿದ್ರೂ ಸೀರಿಯಲ್ ಕೇಬಲ್ ಮೇಲೆ ತನ್ನನ್ನೇ ತಾನು ಅಲ್ಲಿಗೆ ಕಾಪಿ ಮಾಡ್ಕೊಳೋ ಒಂದು ಆಯ್ಕೆ ಇದೆ, ಆರ್‌ಕಾಪಿ ಅಂತ, ಅದಕ್ಕೆ ಮಾತ್ರ ಮೂರು ವೈರಿನ ಕೇಬಲ್ ಸಾಲಲ್ಲ, ಏಳು ವೈರಿನದೇ ಬೇಕು. ಅಡಿಕೆ ಮಂಡಿಯ ಹಳೇ ಡಾಸ್ ಲೆಕ್ಕಪತ್ರ ಇಟ್ಕೊಂಡಿರೋ ಗೆಳೆಯ ಒಬ್ಬ ಇದ್ದಾನೆ, ಅವನ 486 ಪ್ರೊಸೆಸರಿನ ಕಂಪ್ಯೂಟರಿಂದ ಒಂದು 98 ಮಷೀನಿಗೆ, ಅದನ್ನೂ ಡಾಸ್ ಮೋಡಲ್ಲಿ ಬೂಟ್ ಮಾಡಿ, ಹೀಗೇ ತೆಗೆದಿದ್ದು. ಉದ್ದ ಹೆಸರಿನ ಫೈಲ್ ಇದ್ರೆ ಎಂಟಕ್ಷರಕ್ಕೆ ಕತ್ತರಿಸಿಕೊಂಡು ಬರತ್ತೆ, ಗಮನದಲ್ಲಿರ್ಲಿ.

ಯುಎಸ್‌ಬಿ ಬಗ್ಗೆ ಒಂದೇ ಮಾತು. ಎರಡು ಕಡೆನೂ ಚಪ್ಪಟೆ ಮೂತಿ ಇರೋ ಸಾದಾ ಯುಎಸ್‌ಬಿ ಕೇಬಲ್ಲನ್ನ ಎರಡು ಕಂಪ್ಯೂಟರಿಗೆ ಹಾಕ್ಲೇಬೇಡಿ, ಎರಡೂ ಕಡೆಯಿಂದ 5 ವೋಲ್ಟ್ ಎದುರಾ ಬದುರಾ ಬಂದು ಪೋರ್ಟ್ ಹೋಗಬಹುದು, ಫೈಲಂತೂ ಹೋಗಲ್ಲ. ಬೇಕಾಗಿರೋದು ಮಧ್ಯದಲ್ಲಿ ದಪ್ಪ ಗಂಟು ಇರೋ ಬ್ರಿಡ್ಜ್ ಕೇಬಲ್ಲು, ಆ ಗಂಟಲ್ಲಿ ಚಿಪ್ ಇರತ್ತೆ. ಅದಕ್ಕೂ ಎರಡು ಕಡೆ ಡ್ರೈವರ್ ಬೇಕು. ಎಕ್ಸ್‌ಪೀಲಿ ಪೆನ್‌ಡ್ರೈವ್ ನೇರವಾಗೇ ನಡೆಯೋದ್ರಿಂದ ಇದನ್ನ ಕೊಳ್ಳೋಕೆ ನಂಗೆ ಕಾರಣಾನೇ ಕಾಣಲ್ಲ. ಫೈರ್‌ವೈರ್ ಪೋರ್ಟಿರೋ ಹಳೇ ಮ್ಯಾಕ್ ಎರಡು ಇದ್ರೆ ನಿಮ್ಮಷ್ಟು ಪುಣ್ಯವಂತರಿಲ್ಲ, ಹಳೇದನ್ನ ಟಿ ಕೀ ಒತ್ತಿ ಹಿಡಿದು ಆನ್ ಮಾಡಿದ್ರೆ ಅದು ಪೂರ್ತಿ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಥರ ಇನ್ನೊಂದ್ರಲ್ಲಿ ಕಾಣತ್ತೆ.

ಹತ್ತಾರು ಜಿಬಿ ಫೋಟೋ ಇದೆ, ಲ್ಯಾನ್ ಇಲ್ಲ ಅಂದ್ರೆ ಕೇಬಲ್ ಆಸೆ ಬಿಟ್ಟು ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಐಡಿಇ-ಯುಎಸ್‌ಬಿ ಅಡಾಪ್ಟರಿಗೆ (ಐಡಿಇ ಅಂದ್ರೆ ಆ ಕಾಲದ ಡಿಸ್ಕುಗಳ ಕನೆಕ್ಟರ್) ಹಾಕಿ. ಡೆಸ್ಕ್‌ಟಾಪ್ ಡಿಸ್ಕಿಗೆ 40 ಪಿನ್ನು, ಲ್ಯಾಪ್‌ಟಾಪಿನದಕ್ಕೆ 44, ಅಡಾಪ್ಟರ್ ಎರಡಕ್ಕೂ ಆಗೋದು ತಗೊಳಿ, ಡೆಸ್ಕ್‌ಟಾಪ್ ಡಿಸ್ಕಿಗೆ 12 ವೋಲ್ಟ್ ಬೇಕಾಗೋದ್ರಿಂದ ಜೊತೆಗೆ ಪವರ್ ಸಪ್ಲೈ ಇರೋದೇ ಬೇಕು, ಡಿಸ್ಕಿನ ಬೆನ್ನಲ್ಲಿರೋ ಜಂಪರ್ ಅನ್ನೋ ಪುಟ್ಟ ಕ್ಲಿಪ್ಪನ್ನ ಮಾಸ್ಟರಲ್ಲಿ ಇಡಿ. ಮಷೀನೇ ಆನ್ ಆಗಲ್ಲ ಅಂದ್ರೂ ಇದೇ ದಾರಿ. ದೊಡ್ಡಪ್ಪನದಕ್ಕೆ ನಾನು ಯಾಕೆ ಇದನ್ನ ಮಾಡ್ಲಿಲ್ಲ ಅಂದ್ರೆ, ಇಪ್ಪತ್ತು ವರ್ಷದ ಮೇಲೆ ಒಂದೇ ಜಾಗದಲ್ಲಿ ತಿರುಗಿದ ಡಿಸ್ಕು, ಸ್ಕ್ರೂ ಬಿಚ್ಚಿ ಅಲ್ಲಾಡ್ಸಿ ಅದಕ್ಕೇನಾದ್ರೂ ಆಗಿದ್ರೆ ನಾನು ಆ ಮನೇಲಿ ಊಟಕ್ಕೆ ಕೂರೋ ಹಂಗಿರ್ಲಿಲ್ಲ.

ಯಾವ ಕೇಬಲ್ ಆದ್ರೂ ಸರಿ, ಡಾಕ್ಯುಮೆಂಟ್ ಜೊತೆಗೆ ವಿಂಡೋಸ್ ಫೋಲ್ಡರಿನ ಒಳಗಿರೋ ಫಾಂಟ್ಸ್ ಫೋಲ್ಡರಿಂದ ಕನ್ನಡ ಫಾಂಟೆಲ್ಲಾ ಕಾಪಿ ಮಾಡ್ಕೊಳಿ. ಆ ಕಾಲದ ನುಡಿ ಫೈಲುಗಳು ಯೂನಿಕೋಡ್ (ಈಗ ಎಲ್ಲಾ ಕಡೆ ಬಳಸೋ ಅಕ್ಷರ ಸಂಕೇತ) ಅಲ್ಲ, ಫಾಂಟ್ ಇಲ್ದೆ ತೆಗೆದ್ರೆ 'ಕನ್ನಡ' ಅನ್ನೋ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಮಧ್ಯ ಒಂದು ಪೌಂಡಿನ ಗುರುತು, ಹಿಂಗೆ ಕಾಣತ್ತೆ. ನಾನು ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ತೆಗೆದಾಗ ಕಂಡಿದ್ದೂ ಅದೇ. ನುಡಿ ಹುಡುಕಿ ಹಾಕ್ಕೊಂಡೆ, ಮುಕ್ಕಾಲು ಪಾಲು ಫೈಲ್ ಸರಿಯಾಯ್ತು, ಉಳಿದವನ್ನ ಅವರು ಬೇರೆ ಯಾವ್ದೋ ಸಾಫ್ಟ್‌ವೇರಲ್ಲಿ ಮಾಡಿದ್ರಂತೆ, ಅದರ ಹೆಸರು ಅವರಿಗೂ ನೆನಪಿಲ್ಲ. ಫೋನ್ ಮಾಡಿ ಆ ಕಂಪ್ಯೂಟರ್ ಮಾರಿಬಿಡಬೇಡಿ ಅಂತ ಹೇಳಿ, ಬೆಸುಗೆ ಹಾಕ್ಸಿದ ಅದೇ ಕೇಬಲ್ ಬ್ಯಾಗಿಗೆ ಹಾಕ್ಕೊಂಡು ದಸರಾ ರಜೇಲಿ ಮತ್ತೆ ಸಾಗರದ ಬಸ್ ಹತ್ತಿದೆ.